ಭರಮಣ್ಣ ಕಟ್ಟಿದ ಎರಡು ಸೇತುವೆ

ಕಾಡಿನ ನಡುವೆ ಒಂದು ಹಳ್ಳ ಹರಿಯುತ್ತಿತ್ತು, ಮಕ್ಕಳೇ. ಈಚೆ ದಡ ತಗ್ಗು, ಆಚೆ ದಡ ಎತ್ತರದ ದಿಬ್ಬ. ತಗ್ಗಿನ ದಡದಲ್ಲಿ ಮೊಲ, ಮುಳ್ಳುಹಂದಿ, ಅಳಿಲುಗಳು ಮನೆ ಮಾಡಿಕೊಂಡು ಸುಖವಾಗಿದ್ದವು. ಆದರೆ ಮಳೆಗಾಲ ಬಂತೆಂದರೆ ಹಳ್ಳ ಉಕ್ಕಿ ಮನೆಯೊಳಗೇ ನುಗ್ಗುತ್ತಿತ್ತು. ಹೋದ ವರ್ಷ ಕೆಂಚವ್ವ ಎಂಬ ಮೊಲ ತನ್ನ ಮರಿಗಳನ್ನು ಕಟ್ಟಿಕೊಂಡು ಮೂರು ದಿನ ಒಂದು ಹುತ್ತದ ಮೇಲೆ ನೆನೆಯುತ್ತ ಕೂತಿದ್ದಳು.

ಆಚೆ ದಿಬ್ಬಕ್ಕೆ ಹೋಗೋಣವೆಂದರೆ ಹಳ್ಳದ ಸೆಳವು ಜೋರು. ಸಣ್ಣ ಪ್ರಾಣಿಗಳಿಗೆ ಈಜಿ ದಾಟಲು ಆಗದು.

ಅಲ್ಲೇ ಒಂದು ನೇರಳೆ ಮರದಲ್ಲಿ ಭರಮಣ್ಣ ಎಂಬ ಮುಸುವ ಇದ್ದ. ಕಪ್ಪು ಮುಖ, ಮಾರುದ್ದದ ಬಾಲ. ಮನಸ್ಸು ಒಳ್ಳೆಯದು, ಕೈ ಚುರುಕು. ಒಂದು ದಿನ ಅವನು ಎಲ್ಲರನ್ನೂ ಕರೆದು, "ಇಪ್ಪತ್ತು ದಿನಕ್ಕೆ ಮಳೆ ಅಂತ ಗೊರವಂಕಗಳು ಮಾತಾಡಿಕೊಳ್ಳುತ್ತಿವೆ. ಅಷ್ಟರೊಳಗೆ ನಾನು ನಿಮಗೊಂದು ಸೇತುವೆ ಕಟ್ಟಿಸಿಕೊಡುತ್ತೇನೆ" ಎಂದ.

ಎಲ್ಲರಿಗೂ ಕುಣಿಯುವಷ್ಟು ಖುಷಿಯಾಯಿತು. ಭರಮಣ್ಣ ಮರಳಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದ. ಈಚೆ ದಡದಿಂದ ಹಳ್ಳದ ನಡುವಿನ ದುಂಡುಗಲ್ಲಿಗೆ ಬಿದಿರು, ಅಲ್ಲಿಂದ ಆಚೆ ದಡಕ್ಕೆ ಬಿದಿರು. ಎರಡು ಬದಿಗೂ ಹಿಡಿದುಕೊಳ್ಳಲು ಕಟಕಟೆ. ಬಳ್ಳಿಯಿಂದ ಬಿಗಿಯುವುದು. ಚಿತ್ರ ಬಲು ಚೆಂದವಾಗಿತ್ತು.

"ಪೂರ್ತಿ ಮುಗಿಯುವ ತನಕ ಯಾರೂ ಕಾಲಿಡಬಾರದು. ಹನ್ನೆರಡನೆಯ ದಿನ ಎಲ್ಲರೂ ಒಟ್ಟಿಗೆ ದಾಟೋಣ" ಎಂದ.

ಕೆಲಸ ಶುರುವಾಯಿತು. ಬಿದಿರು ಕಡಿಯುವುದು ಮುಳ್ಳುಹಂದಿ ಮುಳ್ಳಯ್ಯನ ಪಾಲು. ಎರಡನೆಯ ದಿನ ಅವನು ತಲೆ ಕೆರೆದುಕೊಳ್ಳುತ್ತ ಬಂದ. "ಭರಮಣ್ಣ, ಈ ಬಳ್ಳಿಯನ್ನು ನಾನು ಕಡಿದು ನೋಡಿದ್ದೀನಿ. ಹಸಿಯಲ್ಲಿ ಗಟ್ಟಿ, ಒಣಗಿದರೆ ಪುಟುಕ್ಕನೆ ಮುರಿಯುತ್ತೆ. ಒಂದನ್ನು ಬಿಸಿಲಿಗೆ ಹಾಕಿ ಎಳೆದು ನೋಡೋಣವಾ?"

"ಶುರುವಿನಲ್ಲೇ ಅಪಶಕುನ ನುಡಿಯುತ್ತೀಯಲ್ಲೋ!" ಎಂದು ಭರಮಣ್ಣ ರೇಗಿದ. ಮುಳ್ಳಯ್ಯ ಮೆಲ್ಲನೆ ಹಿಂದೆ ಸರಿದ.

ಮಾರನೆಯ ದಿನ ಗೌರಜ್ಜಿ ಎಂಬ ಆಮೆ ನೀರಿನಿಂದ ತಲೆ ಎತ್ತಿದಳು. "ಭರಮಣ್ಣ, ಆ ದುಂಡುಗಲ್ಲಿನ ಮೇಲೆ ನಾನು ದಿನಾ ಬಿಸಿಲು ಕಾಯಿಸುತ್ತೀನಿ ಕಣಪ್ಪ. ಅದು..."

"ಅಜ್ಜಿ, ನಿನಗೆ ಬಿಸಿಲು ಕಾಯಿಸಲು ಬೇರೆ ಕಲ್ಲು ಸಿಗುತ್ತೆ, ಬಿಡು" ಎಂದ ಭರಮಣ್ಣ. ಪಾಪ, ಅಜ್ಜಿ ಹೇಳಲು ಬಂದಿದ್ದೇ ಬೇರೆ. ಅವಳು ಬುಳಕ್ಕೆಂದು ಮುಳುಗಿದಳು.

ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ದಿನಾ ಬೆಳಿಗ್ಗೆ ಭರಮಣ್ಣ ಕೊಂಬೆಯ ಮೇಲೆ ಕೂತು, "ಎಲ್ಲ ಸರಿ ಇದೆ ತಾನೇ?" ಎಂದು ಕೇಳುತ್ತಿದ್ದ. ಕೆಳಗಿದ್ದವರೆಲ್ಲ, "ಸರಿ ಇದೆ, ಸರಿ ಇದೆ" ಎನ್ನುತ್ತಿದ್ದರು. ಅವನಿಗೆ ಅದೇ ಸಮಾಧಾನ.

ಹನ್ನೆರಡನೆಯ ದಿನ ಸೇತುವೆ ಸಿದ್ಧವಾಯಿತು. ಅಳಿಲುಗಳು ಕಟಕಟೆಗೆ ಮುತ್ತುಗದ ಹೂವು ಸಿಕ್ಕಿಸಿದ್ದವು. "ಮೊದಲು ನಾನು!" ಎಂದು ಭರಮಣ್ಣ ಬಾಲವನ್ನು ಕಮಾನಿನಂತೆ ಎತ್ತಿಕೊಂಡು ಹೊರಟ.

ನಾಲ್ಕು ಹೆಜ್ಜೆ ಚೆನ್ನಾಗಿಯೇ ಸಾಗಿತು. ಐದನೆಯದಕ್ಕೆ ಬಳ್ಳಿ ಪುಟುಕ್ಕೆಂದಿತು. ಅವನು ಗಾಬರಿಯಿಂದ ದುಂಡುಗಲ್ಲಿಗೆ ಹಾರಿದ. ಕಲ್ಲು ಗಿರಕ್ಕನೆ ಹೊರಳಿತು. ಹಿಂದೆಯೇ ಈಚೆ ದಡದ ಮಣ್ಣು ಕುಸಿದು, ಬಿದಿರು, ಹೂವು, ಭರಮಣ್ಣ ಎಲ್ಲವೂ ದಬದಬನೆ ನೀರಿಗೆ ಬಿದ್ದವು!

ಗೌರಜ್ಜಿ ಈಜಿ ಹೋಗಿ ಬೆನ್ನು ಕೊಡದಿದ್ದರೆ ಅವನ ಗತಿ ಏನಾಗುತ್ತಿತ್ತೋ. ಅವಳ ಚಿಪ್ಪನ್ನು ತಬ್ಬಿಕೊಂಡು, ಮೂಗಿನಲ್ಲಿ ನೀರು, ಕಿವಿಯ ಮೇಲೊಂದು ಮುತ್ತುಗದ ಹೂವು ಇಟ್ಟುಕೊಂಡು ಅವನು ದಡಕ್ಕೆ ಬಂದ. ಅಳಿಲುಗಳಿಗೆ ನಗು ತಡೆಯಲಾಗಲಿಲ್ಲ. ಕೆಂಚವ್ವ ಮಾತ್ರ ನಗಲಿಲ್ಲ. ಅವಳು ತನ್ನ ಐದು ಮರಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವು ಸೇತುವೆಯ ಮೇಲೆ ಇದ್ದಿದ್ದರೆ?

ಅವಳ ಮುಖ ನೋಡಿ ಭರಮಣ್ಣ ಕಿವಿಯ ಮೇಲಿನ ಹೂವನ್ನು ತೆಗೆದು ಕೆಳಗಿಟ್ಟ.

"ಬಳ್ಳಿ ಮುರಿಯುತ್ತೆ ಅಂತ ಯಾರಿಗೆ ಗೊತ್ತಿತ್ತು?" ಎಂದು ಮೆಲ್ಲನೆ ಕೇಳಿದ.

"ನನಗೆ" ಎಂದ ಮುಳ್ಳಯ್ಯ.

"ಕಲ್ಲು ಹೊರಳುತ್ತೆ ಅಂತ?"

"ನನಗೆ ಕಣಪ್ಪ. ನಾನು ಹತ್ತಿದರೇ ಅದು ಅಲ್ಲಾಡುತ್ತೆ" ಎಂದಳು ಗೌರಜ್ಜಿ.

"ಮತ್ತೆ ಈ ದಡದ ಮಣ್ಣು?"

ಕೆಂಚವ್ವ ಕಿವಿ ಜೋಲು ಬಿಟ್ಟಳು. "ನನಗೆ ಗೊತ್ತಿತ್ತಣ್ಣ. ಅದರ ಕೆಳಗೆ ನನ್ನ ಹಳೆಯ ಬಿಲ ಇದೆ. ಒಳಗೆಲ್ಲ ಟೊಳ್ಳು."

"ಹಾಗಾದರೆ ಹೇಳಬಾರದಿತ್ತಾ? ನಾನು ದಿನಾ ಕೇಳುತ್ತಿದ್ದೆನಲ್ಲ!"

"ನೀನು ಕೇಳುತ್ತಿದ್ದುದು ಎಲ್ಲ ಸರಿ ಇದೆ ತಾನೇ ಅಂತ. ನಿನಗೆ ಬೇಕಾದ ಉತ್ತರ ಕೊಟ್ಟೆವು" ಎಂದ ಮುಳ್ಳಯ್ಯ.

ಭರಮಣ್ಣ ಒದ್ದೆ ಮೈ ಕೊಡವಿಕೊಂಡು ಎದ್ದ. ಮಳೆಗೆ ಇನ್ನು ಎಂಟೇ ದಿನ. ನಾಚಿಕೆ ಪಡುತ್ತ ಕೂರಲೂ ಪುರಸೊತ್ತಿಲ್ಲ.

"ತಪ್ಪು ನನ್ನದು. ಇನ್ನು ಮೇಲೆ ಬೆಳಿಗ್ಗೆ ನಾನು ಬೇರೆ ಮಾತು ಕೇಳುತ್ತೀನಿ. ಇವತ್ತು ನಿಮಗೆ ಯಾವುದರ ಭಯ? ಇದ್ದದ್ದು ಇದ್ದ ಹಾಗೆ ಹೇಳಿ. ನಾನು ರೇಗಿದರೆ ಮುಳ್ಳಯ್ಯ, ನೀನೊಂದು ಮುಳ್ಳು ಚುಚ್ಚು."

"ಸಂತೋಷವಾಗಿ" ಎಂದ ಮುಳ್ಳಯ್ಯ.

ಗೌರಜ್ಜಿ ಹಳ್ಳದ ಮೇಲ್ಗಡೆ, ನೀರಿನ ನಡುವೆ ಇದ್ದ ಒಂದು ಚಪ್ಪಟೆ ಬಂಡೆ ತೋರಿಸಿದಳು. ಅದು ಆನೆ ತುಳಿದರೂ ಅಲ್ಲಾಡದು. "ಆದರೆ ಅಲ್ಲಿ ಹಳ್ಳ ಅಗಲ. ನಮ್ಮ ಬಿದಿರು ಮುಟ್ಟುತ್ತೋ ಇಲ್ಲವೋ, ಅದೇ ನನ್ನ ಭಯ."

"ಹಾಗಾದರೆ ಮೊದಲು ಅದನ್ನೇ ನೋಡೋಣ" ಎಂದ ಭರಮಣ್ಣ. ಒಂದೇ ಒಂದು ಬಿದಿರು ತಂದು ಚಾಚಿದರು. ಒಂದು ಮೊಳ ಕಡಿಮೆ ಬಿತ್ತು! ಮೊದಲಿನ ಭರಮಣ್ಣನಾಗಿದ್ದರೆ ಮುಖ ಗಂಟು ಹಾಕುತ್ತಿದ್ದ. ಈಗ, "ಸದ್ಯ, ಇವತ್ತೇ ಗೊತ್ತಾಯಿತು" ಎಂದ. ಕೆಂಚವ್ವ ಗಟ್ಟಿ ನೆಲ ಹುಡುಕಿ ತೋರಿಸಿದಳು. ಅಲ್ಲಿ ಕಲ್ಲು ಪೇರಿಸಿ ದಡವನ್ನೇ ಒಂದು ಮೊಳ ಮುಂದಕ್ಕೆ ತಂದರು.

ಮುಳ್ಳಯ್ಯ ಮೂರು ಬಗೆಯ ಬಳ್ಳಿ ತಂದು ಬಿಸಿಲಿಗೆ ಹಾಕಿದ. ಒಣಗಿದ ಮೇಲೂ ಮುರಿಯದ್ದು ಒಂದೇ. ಅದನ್ನೇ ಆರಿಸಿಕೊಂಡರು.

ಈ ಸಲ ದಿನಕ್ಕೊಂದು ತುಂಡು ಕಟ್ಟುವುದು, ಸಂಜೆ ಅದರ ಮೇಲೆ ನಡೆದೇ ನೋಡುವುದು. ಮೊದಲು ಅಳಿಲು, ಆಮೇಲೆ ಮೊಲ, ಕೊನೆಗೆ ಮುಳ್ಳಯ್ಯ. ಒಂದು ಸಂಜೆ ಗಂಟು ಜಾರಿ ಮುಳ್ಳಯ್ಯನ ಹಿಂಗಾಲೊಂದು ನೀರಿನಲ್ಲಿ ಪಟಪಟ ಒದೆಯತೊಡಗಿತು. ಅವನನ್ನು ಎಳೆದುಕೊಂಡು, ನಕ್ಕು, ಗಂಟನ್ನು ಎರಡು ಸುತ್ತು ಬಿಗಿದರು. ಆರನೆಯ ದಿನ ಬಿದಿರು ಆಚೆ ದಡ ಮುಟ್ಟಿತು. ಕಟಕಟೆಯೊಂದು ಬಾಕಿ.

ಏಳನೆಯ ದಿನ ಬೆಳಿಗ್ಗೆ ಭರಮಣ್ಣ ಕೊಂಬೆ ಇಳಿಯುವ ಮೊದಲೇ ಆಕಾಶ ಗುಡುಗಿತು. ಒಂದು ದಿನ ಮುಂಚೆಯೇ ಮಳೆ!

"ಕಟಕಟೆ ಇಲ್ಲದಿದ್ದರೂ ಪರವಾಗಿಲ್ಲ, ನಡೆಯಲು ಸೇತುವೆ ಇದೆ. ಹೊರಡಿ!" ಎಂದು ಅವನು ಕೂಗಿದ.

ಅಳಿಲುಗಳು ಸರಸರನೆ ದಾಟಿದವು. ಕೆಂಚವ್ವ ಮಾತ್ರ ಸೇತುವೆಯ ತುದಿಯಲ್ಲಿ ನಿಂತುಬಿಟ್ಟಳು.

"ಏನು ಭಯ ಕೆಂಚವ್ವ?"

"ಒದ್ದೆ ಬಿದಿರು ಜಾರುತ್ತೆ ಅಣ್ಣ. ಹಿಡಿದುಕೊಳ್ಳಲು ಏನೂ ಇಲ್ಲ. ಮರಿಗಳ ಕಾಲು ನಿಲ್ಲುವುದಿಲ್ಲ."

ಭರಮಣ್ಣ ಬಿದಿರಿನ ಮೇಲೆ ಕಾಲಿಟ್ಟು ನೋಡಿದ. ಅವನ ಕಾಲೂ ಜಾರಿತು. ಅವನು ತಡಮಾಡಲಿಲ್ಲ. ಸೇತುವೆಯ ಮೇಲೆ ಕೂತು, ಕೈಕಾಲುಗಳಿಂದ ಬಿದಿರನ್ನು ಗಟ್ಟಿಯಾಗಿ ಅಪ್ಪಿಕೊಂಡು, ಮಾರುದ್ದದ ಬಾಲವನ್ನು ಹಗ್ಗದಂತೆ ಹಿಂದಕ್ಕೆ ಚಾಚಿದ. "ಇದೋ ನಿಮ್ಮ ಕಟಕಟೆ. ಕಚ್ಚಿ ಹಿಡಿದುಕೊಳ್ಳಿ!"

ಐದು ಮರಿಗಳೂ ಸಾಲಾಗಿ ಬಾಲ ಕಚ್ಚಿಕೊಂಡವು. ಅವನು ತೆವಳುತ್ತ ಮುಂದೆ, ಅವು ತಟಪಟ ಹೆಜ್ಜೆ ಇಡುತ್ತ ಹಿಂದೆ, ಕೆಂಚವ್ವ ಎಲ್ಲಕ್ಕಿಂತ ಹಿಂದೆ. ಸೇತುವೆ ಕಿರ್ರೆಂದಿತು, ಆದರೆ ಅಲ್ಲಾಡಲಿಲ್ಲ. ದಿಬ್ಬದ ಮೇಲೆ ಕಾಲಿಟ್ಟ ಕೂಡಲೇ ಕೆಂಚವ್ವ ಮರಿಗಳನ್ನು ಒಂದೊಂದಾಗಿ ನೆಕ್ಕಿ ಎಣಿಸಿದಳು. ಐದೂ ಇದ್ದವು.

ಈಚೆ ದಡದಲ್ಲಿ ಮುಳ್ಳಯ್ಯನೊಬ್ಬ ಉಳಿದಿದ್ದ. ನೀರು ಅವನ ಬಿಲದ ಬಾಯಿಗೆ ಬಂದಿತ್ತು. ಭರಮಣ್ಣ ಮತ್ತೆ ತೆವಳಿ ಹೋಗಿ ಬಾಲ ಚಾಚಿದ. ಆಮೇಲೆ ಏನೋ ನೆನಪಾಗಿ ಹಿಂತಿರುಗಿ ನೋಡಿದ.

"ಮುಳ್ಳಯ್ಯ, ಈಗ ನನಗೇ ಒಂದು ಭಯ."

"ಹೇಳಣ್ಣ, ಇದ್ದದ್ದು ಇದ್ದ ಹಾಗೆ ಹೇಳು."

"ನೀನು ಗಾಬರಿಗೆ ಮುಳ್ಳು ನಿಮಿರಿಸಿದರೆ ನನ್ನ ಬಾಲದ ಗತಿ ಏನು?"

ಸುರಿವ ಮಳೆಯಲ್ಲೂ ದಿಬ್ಬದ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮುಳ್ಳಯ್ಯ ಮುಳ್ಳುಗಳನ್ನೆಲ್ಲ ಮೈಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ದಾಟಿದ. ಭರಮಣ್ಣನ ಬಾಲಕ್ಕೆ ಒಂದು ಗೀರೂ ಬೀಳಲಿಲ್ಲ.

ನೀತಿ: ಅಪಾಯದ ಮಾತಿಗೆ ಮೊದಲೇ ಕಿವಿಗೊಟ್ಟು, ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ ನೋಡುತ್ತ ಹೋದರೆ, ದೊಡ್ಡ ಪೆಟ್ಟು ತಪ್ಪುತ್ತದೆ.