ಬಾಗಿಲ ಸಂದಿನ ಗೋಣಿತಟ್ಟು

ಊರೂರಿನ ಜನಕ್ಕೆ ಉಸಿರು ಕಟ್ಟುವುದನ್ನು ಕಲಿಸುತ್ತಿದ್ದ ಸೋಮಲಿಂಗಜ್ಜನಿಗೇ ಉಬ್ಬಸವಿತ್ತು.

ಹೊಳೆದಂಡೆಯ ಆ ಮಠದಲ್ಲಿ ಇದು ಗೊತ್ತಿದ್ದದ್ದು ಶಿಷ್ಯ ಮುರಿಗೆಪ್ಪನೊಬ್ಬನಿಗೇ. ಅವನು ಬಾಯಿ ಬಿಡಲಿಲ್ಲ. ಯಾಕೆ ಬಿಟ್ಟಾನು? ಮಠದ ಗದ್ದುಗೆಗೆ ಮುಂದಿನ ಅಜ್ಜ ತಾನೇ ಅಂತ ಅಳತೆ ಕೊಟ್ಟು ಕಾವಿ ನಿಲುವಂಗಿ ಹೊಲಿಸಿ ಪೆಟ್ಟಿಗೆಯಲ್ಲಿಟ್ಟಿದ್ದ. ಹೊಲಿದವನ ಹೆಂಡತಿಯೇ ಹೇಳಿದ ಮಾತಿದು, ಸುಳ್ಳಲ್ಲ.

ಅಮಾವಾಸ್ಯೆಯ ದಿನ ಅಂಗಳದ ತುಂಬಾ ಜನ. ಒಳಗೆ ಅಜ್ಜನ ಎದೆ ಸುಂಯ್ ಸುಂಯ್ ಅಂತ ಸಿಳ್ಳೆ ಹಾಕತೊಡಗಿತು.

ಮುರಿಗೆಪ್ಪ ಹೊರಗೆ ಬಂದು ಕೈಯೆತ್ತಿದ. "ಅಜ್ಜಾರು ಉಸಿರು ಕಟ್ಟಿ ಕುಂತಾರ. ಯಾರೂ ಗದ್ದಲ ಮಾಡಬ್ಯಾಡ್ರಿ."

ಜನ ಕೈ ಮುಗಿದರು. ಅವನು ಒಳಗೆ ಹೋಗಿ ಅಗಳಿ ಹಾಕಿದ. ಕಿಟಕಿ ಮುಚ್ಚಿದ. ಬಾಗಿಲ ಸಂದಿಗೆ ಗೋಣಿತಟ್ಟು ತುರುಕಿದ. ಕೋಣೆ ತುಂಬಾ ಅಮಾವಾಸ್ಯೆಯ ದೀಪಗಳು ಬೇರೆ.

"ಕಿಟಕಿ ತೆಗಿಯೋ," ಅಂದ ಅಜ್ಜ.

"ತೆಗದ್ರ ಸಿಳ್ಳಿ ಹೊರಗ ಕೇಳತೈತ್ರಿ. ಉಸಿರು ಕಲಿಸಾವಗ ಉಸಿರಿಲ್ಲ ಅಂತ ನಗತಾರ."

"ನಗಲಿ."

"ಮಠ ಮುಳಗತೈತ್ರಿ! ಒಂಚೂರು ತಡಕೊಳ್ರಿ. ಕಟ್ಟಿದಷ್ಟೂ ಉಸಿರು ಕೈವಶ ಆಗತೈತಿ ಅಂತ ನೀವ ಹೇಳಿಲ್ಲೇನ್ರಿ?"

"ಉಸಿರು ಇದ್ದವರಿಗೆ ಹೇಳಿದ್ದೋ ಅದು."

ಅಜ್ಜ ಸನ್ನೆ ಮಾಡಿ ಕರೆದ. ಹತ್ತಿರ ಬಂದವನ ಮಣಿಕಟ್ಟನ್ನು ಗಪ್ಪನೆ ಹಿಡಿದ. ಮುರಿಗೆಪ್ಪ ಎಳೆದುಕೊಂಡಷ್ಟೂ ಹಿಡಿತ ಬಿಗಿಯಾಯಿತು.

"ಬಿಡ್ರಿ ಅಜ್ಜಾರ, ನೋಯತೈತಿ!"

"ಹೊಳ್ಯಾಗ ಮುಳಗಾಂವ ಏನ ಹಿಡೀತಾನ?"

"ಉಳಸಾಕ ಬಂದವನ ಕುತಗಿನ ಹಿಡೀತಾನ್ರಿ."

"ಎದಿಯೊಳಗ ಉಸಿರಿನ ನಳಿಗಿ ಸುತ್ತ ಹಿಂಗ ಹಿಡಿಯೋ ಮಾಂಸ ಐತಿ. ಗಾಳಿ ಕಮ್ಮಿ ಆದಂಗ ಅದಕ್ಕ ಅಂಜಿಕಿ. ಅಂಜಿದಂಗ ಹಿಸಕತೈತಿ. ಹಿಸಕಿದಂಗ ಗಾಳಿ ಇನ್ನೂ ಕಮ್ಮಿ."

ಕೈ ತಾನಾಗಿ ಸಡಿಲವಾಯಿತು. ಅಜ್ಜನ ಉಗುರುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ದೀಪದ ಕುಡಿಗಳು ಕುಗ್ಗಿದ್ದವು.

ಹೊರಗೆ ಯಾರೋ ಅಂದರು, "ಎಂಥಾ ಸಾಧನಾ ನೋಡ್ರಿ! ಒಂದ ಸಪ್ಪಳ ಇಲ್ಲ!"

ಮುರಿಗೆಪ್ಪ ಅಗಳಿಯ ಮೇಲೆ ಕೈಯಿಟ್ಟ. ಇಟ್ಟ, ಅಷ್ಟೇ. ತೆಗೆದರೆ ಪೆಟ್ಟಿಗೆಯಲ್ಲಿದ್ದ ನಿಲುವಂಗಿ ತೊಡುವವರು ಯಾರು?

ಅಷ್ಟರಲ್ಲಿ ಸಿಳ್ಳೆ ನಿಂತಿತು. ಅವನ ಮುಖ ಅರಳಿತು.

"ಆರಾಮ ಆತಲ್ರಿ ಅಜ್ಜಾರ! ಸಿಳ್ಳಿ ನಿಂತತಿ!"

ಅಜ್ಜನ ತುಟಿ ಅಲುಗಿತು. "ಸಿಳ್ಳಿ ಹಾಕಾಕೂ... ಗಾಳಿ ಬೇಕೋ."

ಮುರಿಗೆಪ್ಪನ ಬಣ್ಣ ಇಳಿಯಿತು. ಕೈ ಇನ್ನೂ ಅಗಳಿಯ ಮೇಲೇ ಇತ್ತು.

"ಈಗ ತೆಗದ್ರ ಜನಕ್ಕ ಏನಂತ ಹೇಳ್ಲಿ ಅಜ್ಜಾರ?"

"ಹೇಳಿದ್ದನ್ನ ಬದಲಿಸಬ್ಯಾಡ. ಇನ್ನೊಂದ ಗಳಿಗಿಗೆ... ಅದು ಖರೇನ ಆಗತೈತಿ."