ಗುರವ್ವನ ಬೆಳ್ಳುಳ್ಳಿ ಮತ್ತು ಬಾಣಂತಿಯ ಜ್ವರ

ಗುರವ್ವನಿಗೆ ಬೆಳ್ಳುಳ್ಳಿ ಅಂದರೆ ಅರ್ಧ ದೇವರು. ಊರಲ್ಲಿ ಯಾರಿಗೆ ನೆಗಡಿಯಾಗಲಿ, ಹೊಟ್ಟೆ ಉಬ್ಬರಿಸಲಿ, ನೇರ ಅವಳ ಬಾಗಿಲಿಗೇ ಬರುತ್ತಿದ್ದರು. ಇಡೀ ಎಸಳು ನುಂಗಿದರೆ ಸಾಲದು, ಜಜ್ಜಿ ತುಸು ಹೊತ್ತು ಬಿಟ್ಟರೇ ಅದರ ಖಾರ ಏಳುವುದು, ಆ ಖಾರವೇ ರೋಗದ ಹುಳ ಕೊಲ್ಲುವುದು ಎಂದು ಹೇಳಿ ಕಳಿಸುತ್ತಿದ್ದಳು. ಆ ಮಾತು ಸುಳ್ಳೇನಲ್ಲ ಬಿಡಿ.

ಸೊಸೆ ಕಸ್ತೂರಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಹಾಲು ಚೆನ್ನಾಗಿ ಇಳಿಯಲಿ ಎಂದು ಗುರವ್ವ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯನ್ನು ಊಟಕ್ಕೆ ಬಡಿಸಿದ್ದೇ ಬಡಿಸಿದ್ದು.

ಒಂದು ಬೆಳಿಗ್ಗೆ ಕಸ್ತೂರಿಯ ಎದೆ ಕಲ್ಲಾಗಿ ಕೆಂಪೇರಿತ್ತು. ಮೈ ಕಾದ ಹೆಂಚು. ಗುರವ್ವ ಹಸಿ ಬೆಳ್ಳುಳ್ಳಿ ಜಜ್ಜಿ, ಬಾವಿನ ಮೇಲಿಟ್ಟು ಬಟ್ಟೆ ಕಟ್ಟಿದಳು.

"ಉರೀತದೇನವ್ವಾ?"

"ಇಲ್ರೀ ಅತ್ತಿ, ತಡ್ಕೋತೇನಿ."

ಮಧ್ಯಾಹ್ನಕ್ಕೆ ಜ್ವರ ಇನ್ನೂ ಏರಿತು. ಕೂಸು ಹಸಿದು ಕಿರುಚುತ್ತಿತ್ತು, ತಾಯಿಗೆ ಅದನ್ನು ಎತ್ತಿಕೊಳ್ಳಲೂ ಕೈ ಏಳಲಿಲ್ಲ. ಗುರವ್ವ ಒಳಗೊಮ್ಮೆ ಹೊರಗೊಮ್ಮೆ ಓಡಾಡಿದಳು. ದವಾಖಾನೆಗೆ ಹೋಗಲೇ? ಅಷ್ಟರಲ್ಲಿ ನೆರೆಮನೆಯ ಫಕೀರವ್ವ ಬಂದು, "ನೀನ ದವಾಖಾನಿ ಮೆಟ್ಲ ಹತ್ತಿದ್ರ ನಾಳಿ ನಿನ್ನ ಔಷಧ ಯಾರ ನಂಬ್ತಾರ ಗುರವ್ವಾ?" ಎಂದಳು. ಆ ಮಾತು ಚುಚ್ಚಿತು. ಗುರವ್ವ ಮತ್ತೆ ಬೆಳ್ಳುಳ್ಳಿ ಜಜ್ಜಲು ಕೂತಳು.

ಹೊಸದು ಕಟ್ಟಲು ಹಳೆಯ ಬಟ್ಟೆ ಬಿಚ್ಚಿದಳು ನೋಡಿ, ಅಯ್ಯೋ ಶಿವನೇ! ಬೆಂಕಿ ತಾಗಿದ ಹಾಗೆ ಚರ್ಮ ಬೊಬ್ಬೆ ಎದ್ದಿತ್ತು. ಕಸ್ತೂರಿ ಕರೆದರೂ ಕಣ್ಣು ಬಿಡಲಿಲ್ಲ.

"ಹೆಸರು ಹಾಳಾಗಿ ಹೋಗ್ಲಿ! ಯಾರರ ಆಟೋ ಕರೀರೋ!" ಎಂದು ಗುರವ್ವ ಬೀದಿಗೇ ಬಂದು ಕೂಗಿದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಕೀವು ತೆಗೆದು, ಇಂಜೆಕ್ಷನ್ ಕೊಟ್ಟರು. ಬೈಯಲಿಲ್ಲ. "ಬೆಳ್ಳುಳ್ಳಿಗೆ ರೋಗಾಣು ಕೊಲ್ಲೋ ಗುಣ ಇದೆ ಅಮ್ಮಾ. ಊಟದಲ್ಲಿ ಹಾಕಿ, ಒಳ್ಳೇದೇ. ಆದ್ರೆ ಒಳಗೆ ಕೂತ ಕೀವನ್ನ ಅದು ವಾಸಿ ಮಾಡಲ್ಲ. ಹಸೀದನ್ನ ಮೈಗೆ ಕಟ್ಟಿದ್ರೆ ಚರ್ಮ ಸುಡುತ್ತೆ. ಇನ್ನೂ ತಡ ಮಾಡಿದ್ದಿದ್ರೆ ಜೀವಕ್ಕೇ ಕುತ್ತಾಗ್ತಿತ್ತು," ಎಂದರು.

ಜ್ವರ ಇಳಿದ ಮೇಲೆ ಕಸ್ತೂರಿ ಮೆಲ್ಲಗೆ ಬಾಯಿ ಬಿಟ್ಟಳು.

"ಅತ್ತಿ, ಜ್ವರ ಬರೂಕಿಂತ ಎರಡ ದಿನ ಮೊದ್ಲ ನೋವು ಶುರು ಆಗಿತ್ತು. ನೀವು ಕಟ್ಟಿದ ಮ್ಯಾಲ ಉರಿನೂ ಭಾಳ ಆಗಿತ್ತು. ಹೇಳಿದ್ರ ಮಂದಿ ನಿಮ್ಮನ್ನ ನೋಡಿ ನಗ್ತಾರಂತ ಸುಮ್ನಿದ್ದೆ."

ಗುರವ್ವನಿಗೆ ಅಳು ಒತ್ತರಿಸಿ ಬಂತು. "ನನ್ನ ಹೆಸರು ಉಳಿಸಾಕ ಹೋಗಿ ನೀ ಕೂಸಿನ್ನ ತಬ್ಬಲಿ ಮಾಡ್ತಿದ್ದೆಲ್ಲ ನನ್ನವ್ವಾ!" ಎಂದು ಸೊಸೆಯ ಕೈ ಹಿಡಿದು ಅತ್ತಳು.

ನೀತಿ: ಮದ್ದಿನ ಗುಣ ಬಲ್ಲವರು ಅದರ ಮಿತಿಯನ್ನೂ ಬಲ್ಲವರಾಗಿರಬೇಕು. ಮನೆಯವರು ನಮ್ಮ ಹೆಸರಿಗೆ ಹೆದರಿ ನೋವು ನುಂಗುವಂತಾದರೆ, ಆ ಹೆಸರೇ ಮನೆಗೆ ದೊಡ್ಡ ರೋಗ.