ಗದ್ದುಗೆಯ ಹಿಂದಿನ ಗಾಳಿ

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಹಿಂದೆ ಏನನ್ನೂ ಬರೆದವನಲ್ಲ. ಹೇಳಬೇಕಾದ್ದನ್ನು ಬಿಟ್ಟು ಬೇಡದ್ದನ್ನೇ ವಿವರಿಸುವ ಚಾಳಿ ನನಗಿದೆ. ಇದರಲ್ಲಿ ಬರುವ ಶಿಷ್ಯ ನಾನೇ. ಆದರೂ ಶಿಷ್ಯ ಎಂದೇ ಬರೆಯುತ್ತೇನೆ. ‘ನಾನು’ ಎಂದು ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ.

ನದಿಯ ಪೂರ್ವ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ಮರುಳಸಿದ್ಧ.

ಹುಲುಗಪ್ಪ ಹರಿಗೋಲಿನಲ್ಲಿ ಜನರನ್ನು ದಾಟಿಸುವವನು. ಅವನ ಮನೆ ಆಚೆ ದಂಡೆಯಲ್ಲಿ. ದಿನಾ ಸಂಜೆ ಐದಕ್ಕೆ, ಮನೆಗೆ ಹೊರಡುವ ಮೊದಲು, ಮಠದ ಬಾಗಿಲಿಗೆ ಬರುತ್ತಿದ್ದ.

“ಅಜ್ಜಾರ, ಗಾಳಿ ಎಷ್ಟೈತ್ರಿ?”

ಅವನಿಗೆ ಗಾಳಿ ಗೊತ್ತಾಗುತ್ತಿರಲಿಲ್ಲ ಎಂದಲ್ಲ. ಅವನ ಅಪ್ಪನೂ ಹೀಗೇ ಕೇಳುತ್ತಿದ್ದನಂತೆ. ಮಠದವರು ‘ಹೋಗು’ ಎನ್ನದೆ ಆ ಮನೆಯವರು ಸಂಜೆ ಹರಿಗೋಲು ಬಿಡುತ್ತಿರಲಿಲ್ಲ.

ಅಜ್ಜಾರು ನಲವತ್ತು ಮೆಟ್ಟಿಲು ಇಳಿದು, ನೀರಿನ ಅಂಚಿನಲ್ಲಿ ನಿಂತು, ಹೆಗಲ ಮೇಲಿನ ವಸ್ತ್ರವನ್ನು ಕೈಯಲ್ಲಿ ಚಾಚಿ ಹಿಡಿಯುತ್ತಿದ್ದರು. ವಸ್ತ್ರ ಇಳಿಬಿದ್ದರೆ “ಹೋಗು” ಎನ್ನುವರು. ಅಡ್ಡಕ್ಕೆ ಹಾರಿದರೆ “ಇವತ್ತ ಇಲ್ಲೇ ಉಂಡು ಮಲಗು” ಎನ್ನುವರು. ಆಮೇಲೆ ಮತ್ತೆ ನಲವತ್ತು ಮೆಟ್ಟಿಲು ಹತ್ತುವರು.

ಅವರಿಗೆ ಎಂಬತ್ತಾಯಿತು. ಮೊಣಕಾಲು ಬಾತವು.

ಶಿಷ್ಯ ಪೇಟೆಗೆ ಹೋಗಿ ಮನೆಯಲ್ಲಿ ಇಡುವ ಹವಾಮಾನ ಯಂತ್ರ ನೋಡಿದ. ಅಂಗಡಿಯಲ್ಲಿ ಮೂರು ಬಗೆ ಇದ್ದವು. ಒಂದು ಉಷ್ಣತೆ, ತೇವ ಮಾತ್ರ ಹೇಳುತ್ತಿತ್ತು. ಇನ್ನೊಂದು ಮಳೆಯನ್ನೂ ಅಳೆಯುತ್ತಿತ್ತು. ಮೂರನೆಯದಕ್ಕೆ ಗಾಳಿಗೆ ತಿರುಗುವ ಮೂರು ಬಟ್ಟಲುಗಳಿದ್ದವು. ಅವನು ಮೂರನೆಯದನ್ನು ಆರಿಸಿದ. ಆಯ್ಕೆ ತಪ್ಪಿರಲಿಲ್ಲ. ಇದನ್ನು ಏಕೆ ಹೇಳಿದೆನೆಂದರೆ, ತಪ್ಪು ಯಂತ್ರದ್ದಲ್ಲ.

“ಎಲ್ಲಿ ಇಡಬೇಕಂತ ಬರದಾರ?” ಅಜ್ಜಾರು ಕೇಳಿದರು.

“ಸುತ್ತ ಗೋಡಿ, ಗಿಡ ಇರಬಾರದಂತ್ರಿ. ಎಲ್ಲಕ್ಕಿಂತ ಎತ್ತರದಾಗ ಇಡಬೇಕಂತ.”

ಮಠದಲ್ಲಿ ಎಲ್ಲಕ್ಕಿಂತ ಎತ್ತರದ್ದು ಗದ್ದುಗೆಯ ಕಳಸ. ಗದ್ದುಗೆ ಎಂದರೆ ಅಜ್ಜಾರ ಗುರುಗಳ ಸಮಾಧಿ. ಅದರ ಮೇಲೆ ಕಲ್ಲಿನ ಗುಡಿ. ಆ ಕಳಸಕ್ಕಿಂತ ಎತ್ತರದಲ್ಲಿ ಏನೂ ಇರಬಾರದು ಎಂಬುದು ಮಠದ ಪದ್ಧತಿ. ಬೆಳೆದುಬಿಟ್ಟ ಒಂದು ತೆಂಗಿನ ಮರವನ್ನೂ ಕಡಿಸಿದ್ದರು.

“ಕಳಸದ ಮ್ಯಾಲೆ ಬ್ಯಾಡ. ಹಿತ್ತಲದಾಗ ಒಂದು ಕಂಬ ನಿಲ್ಲಿಸಿ ಕಟ್ಟು.”

ಹಿತ್ತಲು ಗದ್ದುಗೆಯ ಪೂರ್ವಕ್ಕೆ. ನದಿ ಪಶ್ಚಿಮಕ್ಕೆ. ನಡುವೆ ಗದ್ದುಗೆಯ ಗೋಡೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅದು ಮಾಘ ಮಾಸ. ಗಾಳಿ ಪೂರ್ವದಿಂದ ಬರುತ್ತಿತ್ತು. ಬಟ್ಟಲುಗಳು ಚೆನ್ನಾಗಿ ತಿರುಗಿದವು. ಗಾಳಿ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಅಂಕಿ ಒಳಗಿನ ಪರದೆಯಲ್ಲಿ ಮೂಡುತ್ತಿತ್ತು. ಶಿಷ್ಯ ಕೂತಲ್ಲಿಂದಲೇ ಓದಿ ಹೇಳುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ.

“ಅಜ್ಜಾರ ಮೊಣಕಾಲಿಗೆ ರಜಾ ಸಿಕ್ತು ಬಿಡ್ರಿ,” ಎಂದು ಹುಲುಗಪ್ಪ ನಕ್ಕ. “ನಿಮ್ಮ ಡಬ್ಬಿ ಉಣ್ಣಂಗಿಲ್ಲ, ಮಲಗಂಗಿಲ್ಲ. ಖರೇ ಸನ್ಯಾಸಿ ಅಂದ್ರ ಇದ ನೋಡ್ರಿ.”

ಆಷಾಢ ಬಂತು. ಆಷಾಢದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ.

ಒಂದು ಸಂಜೆ ಐದಕ್ಕೆ ಹುಲುಗಪ್ಪ ಬಾಗಿಲಲ್ಲಿ ನಿಂತ.

“ಮರುಳಪ್ಪಾರ, ಗಾಳಿ ಎಷ್ಟೈತ್ರಿ?”

ಶಿಷ್ಯ ಓದುತ್ತಿದ್ದ ಪುಸ್ತಕದಿಂದ ಕಣ್ಣೆತ್ತಿ ಪರದೆ ನೋಡಿದ.

“ಎರಡು.”

“ಎರಡ? ಮೈಗೆ ಹೆಚ್ಚು ಹತ್ತಿದಂಗ ಆಗತೈತಲ್ರಿ.”

“ಮೈಗೆ ಹತ್ತೋದು ಬ್ಯಾರೆ, ಅಳದದ್ದು ಬ್ಯಾರೆ, ಹುಲುಗಪ್ಪ. ಹೋಗು.”

ಅವನು ಹೋದ.

ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯಿಂದ ಕೂಗು ಕೇಳಿ ಶಿಷ್ಯ ಎದ್ದು ಓಡಿದ. ಹಿತ್ತಲಲ್ಲಿ ಬಟ್ಟಲುಗಳು ಅಲುಗದೆ ನಿಂತಿದ್ದವು. ಗದ್ದುಗೆಯ ಗೋಡೆ ದಾಟಿ ಆಚೆ ಕಾಲಿಟ್ಟದ್ದೇ ತಡ, ಗಾಳಿಗೆ ಅವನ ಹೆಗಲ ವಸ್ತ್ರ ಹಾರಿಹೋಯಿತು. ನಡುನೀರಿನಲ್ಲಿ ಹರಿಗೋಲು ಬೋರಲಾಗಿತ್ತು.

ಮೂರನೆಯ ದಿನ ಹುಲುಗಪ್ಪನ ದೇಹ ಸಿಕ್ಕಿತು.

ಕೆಲವು ದಿನ ಬಿಟ್ಟು ಅವನ ಹೆಂಡತಿ ಫಕೀರವ್ವ ಮೈದುನನ ಜೊತೆ ಮಠಕ್ಕೆ ಬಂದಳು. ಕೂರಲಿಲ್ಲ.

“ಅವತ್ತ ನಿಮ್ಮ ಡಬ್ಬಿ ಎಷ್ಟು ತೋರಿಸಿತ್ರಿ?”

“ಎರಡು,” ಎಂದ ಶಿಷ್ಯ.

“ಹಂಗಾದ್ರ ಗಾಳಿ ಇರಲಿಲ್ಲ.” ಅವಳು ನೆಲ ನೋಡಿದಳು. “ಕುಡದಿದ್ದ ಅಂತ ಊರಾಗ ಅಂತಾರ್ರಿ. ನಾ ನಂಬಿದ್ದಿಲ್ಲ.”

ಪಶ್ಚಿಮದ ಗಾಳಿಯನ್ನು ಗದ್ದುಗೆಯ ಗೋಡೆ ತಡೆದಿತ್ತೆಂದು ಶಿಷ್ಯನಿಗೆ ಆಗಲೇ ಗೊತ್ತಿತ್ತು. ಅವನು ಬಾಯಿ ತೆರೆಯಲಿಲ್ಲ. ಅವಳು ಕೈಮುಗಿದು ಹೋದಳು.

ಒಳಗೆ ಕೂತಿದ್ದ ಅಜ್ಜಾರಿಗೆ ಎಲ್ಲ ಕೇಳಿಸಿತ್ತು. ಅಂದು ಅವರು ಉಣ್ಣಲಿಲ್ಲ.

ಮರುದಿನ ಶಿಷ್ಯ ಯಂತ್ರವನ್ನು ಕಂಬದಿಂದ ಬಿಚ್ಚಿದ.

“ಏನ್ ಮಾಡ್ತಿ?”

“ಹೊಳಿಗೆ ಒಗೀತೀನ್ರಿ.”

“ಕೊಡು ಇಲ್ಲಿ.”

ಅಜ್ಜಾರು ಏಣಿ ತರಿಸಿದರು. ಬಾತ ಮೊಣಕಾಲಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದರು. ತಮ್ಮ ಗುರುವಿನ ಗದ್ದುಗೆಯ ಮೇಲೆ ಕಾಲಿಟ್ಟರು. ಕಳಸಕ್ಕೆ ಕೋಲು ಬಿಗಿದು ಅದರ ತುದಿಗೆ ಯಂತ್ರ ಕಟ್ಟಿದರು.

“ಅಜ್ಜಾರ, ಪದ್ಧತಿ...”

“ಪದ್ಧತಿ ಉಳೀತು. ಹುಲುಗಪ್ಪ ಉಳೀಲಿಲ್ಲ.”

ಕೆಳಗಿಳಿದು ಅವರು ಶಿಷ್ಯನ ಕಡೆ ತಿರುಗಿದರು.

“ಕಳಸದ ಮ್ಯಾಲೆ ಬ್ಯಾಡ ಅಂದವ ನಾನು. ಹೊಳಿಗಿಳಿದು ನೋಡದ ಹೇಳಿದವ ನೀನು. ಈಗ ಎಷ್ಟೈತಿ?”

ಶಿಷ್ಯ ಒಳಗೆ ಹೋಗಿ ಪರದೆ ನೋಡಿ ಬಂದ. “ಮೂವತ್ತೆಂಟ್ರಿ.”

“ದಂಡಿಗೆ ಹೋಗಿ ಕೂಗಿ ಹೇಳು.”

“ಯಾರಿಗ್ರಿ? ಅಲ್ಲಿ ಯಾರೂ ಇಲ್ಲಲ್ರಿ.”

“ಅವ ಕೇಳಿದ್ದ. ನೀ ಇನ್ನೂ ಉತ್ತರ ಕೊಟ್ಟಿಲ್ಲ.”

ಶಿಷ್ಯ ನಲವತ್ತು ಮೆಟ್ಟಿಲು ಇಳಿದ. ಆಚೆ ದಂಡೆಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಫಕೀರವ್ವ ಇರಬೇಕು. ಅವನು ಎರಡು ಕೈ ಬಾಯಿಗಿಟ್ಟು ಕೂಗಿದ. ಎದುರುಗಾಳಿ ಅವನ ದನಿಯನ್ನು ಅವನ ಮುಖಕ್ಕೇ ತಂದು ಹಾಕಿತು. ಅವಳು ತಲೆ ಎತ್ತಲಿಲ್ಲ.

ಆಮೇಲೆ ಹೊಳೆ ಏರಿತು. ತಿಂಗಳುಗಟ್ಟಲೆ ಯಾರೂ ದಾಟಲಿಲ್ಲ. ನೀರು ಇಳಿದ ಮೇಲೆ ಶಿಷ್ಯ ಆಚೆ ಹೋದ. ಮನೆಗೆ ಬೀಗ. ಎಲ್ಲಿಗೆ ಹೋದಳೆಂದು ಮೈದುನನಿಗೂ ಗೊತ್ತಿರಲಿಲ್ಲ. ಕುಡಿದು ಸತ್ತವನ ಹೆಂಡತಿ ಎಂಬ ಮಾತು ಕೇಳಲಾರದೆ ಹೋದಳು ಎಂದ, ಅಷ್ಟೇ.

ಇಂದಿಗೂ ಸಂಜೆ ಐದಕ್ಕೆ ಶಿಷ್ಯ ಅಂಕಿ ಓದಿಕೊಂಡು, ಮೆಟ್ಟಿಲು ಇಳಿದು, ಖಾಲಿ ಹೊಳೆಗೆ ಕೂಗಿ ಬರುತ್ತಾನೆ. ಹೋಗಲು ಅಜ್ಜಾರು ಹೇಳಬೇಕು. ತಾನಾಗಿ ಎದ್ದು ಹೋಗಲು ಅವನ ಕಾಲು ಏಳುವುದಿಲ್ಲ.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲವಾದರೆ ತಪ್ಪು ತಿಳಿದೀರಿ. ಮೂವತ್ತೆಂಟು ಎಂದರೆ ಹರಿಗೋಲು ತಡೆಯಲಾರದ ಗಾಳಿ. ಅಂದೂ ಅಷ್ಟೇ ಇದ್ದಿರಬೇಕು. ಅಂದರೆ ಹುಲುಗಪ್ಪ ಕುಡಿದಿರಲಿಲ್ಲ. ಅವನ ಕೈ ತಪ್ಪಿರಲಿಲ್ಲ. ಫಕೀರವ್ವನನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವಳಿಗೆ ಹೇಳಿ, ಅಂದು ಬಾಗಿಲಲ್ಲಿ ಅವನು ಸರಿಯಾಗಿಯೇ ಕೇಳಿದ್ದ, ನಾನು

“ಮರುಳಾ, ಐದಾತು. ಗಾಳಿ ಎಷ್ಟೈತಿ?”